ಎಕ್ಸ್‌ರೇ ಟ್ಯೂಬಿನ ಸ್ಪೆಕ್ಟ್ರಮ್ ಅಂದಾಜು ಮಾಡುವ ಸಮಗ್ರ ಮಾರ್ಗದರ್ಶಿ: ಅಳತೆ ಮೊದಲು, ಕೋಡ್ ಆಮೇಲೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಎಂಎಸ್ಸಿ ಫಿಸಿಕ್ಸ್ ಓದುವವರು, ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಡುವವರು ಪ್ರಾಜೆಕ್ಟ್ ಹೊತ್ತಿನಲ್ಲಿ ನನಗೆ ಎಕ್ಸ್‌ರೇ ಸ್ಪೆಕ್ಟ್ರಮ್‌ನ ಗ್ರಾಫ್ ಕಳಿಸುತ್ತಾರೆ, ಅಂದರೆ ಯಾವ ಶಕ್ತಿಯ ಫೋಟಾನ್ ಎಷ್ಟು ಇವೆ ಅನ್ನುವ ಗ್ರಾಫ್. ಹೆಚ್ಚಿನವುಗಳಲ್ಲಿ ಅದದೇ ತೊಂದರೆ. ಮಷಿನ್‌ನಲ್ಲಿ 80 ಕೆವಿ (ಟ್ಯೂಬಿನ ವೋಲ್ಟೇಜ್) ಇಟ್ಟಿದ್ದಾರೆ, ಅಂದರೆ 80 ಕೆಇವಿ (ಫೋಟಾನ್ ಶಕ್ತಿಯ ಅಳತೆ) ದಾಟಿದ ಫೋಟಾನ್ ಇರಬಾರದು, ಆದರೆ 95 ಕೆಇವಿ ಹತ್ತಿರವೂ ಫೋಟಾನ್ ಕಾಣಿಸುತ್ತದೆ. ನಡುವೆ ಎಲ್ಲೋ ಗೆರೆ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. ಇನ್ನು ಕೆಲವು ಗ್ರಾಫ್ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತವೆ. "ಕೋಡ್‌ನಲ್ಲಿ ಏನು ತಪ್ಪಾಗಿದೆ ಸರ್?" ಅಂತ ಕೇಳುತ್ತಾರೆ.

ಕೋಡ್ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಅಳತೆ ಕೆಟ್ಟಿರುತ್ತದೆ, ಇಲ್ಲವೇ ಕೆಲಸ ಮಾಡಿದ ಕ್ರಮ ಕೆಟ್ಟಿರುತ್ತದೆ. ಹತ್ತು ಹದಿನೈದು ರೀಡಿಂಗ್ ಕೈಯಲ್ಲಿ ಹಿಡಿದು ಅರವತ್ತು ಎಪ್ಪತ್ತು ಅಜ್ಞಾತ ಸಂಖ್ಯೆ ಹುಡುಕಲು ಹೋದರೆ ಯಾವ ಕೋಡ್ ಕೂಡ ಕಾಪಾಡುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಲೆಕ್ಕಕ್ಕಿಂತ ಅಳತೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ವಿಧಾನ ಇಷ್ಟೇ. ದಪ್ಪ ಗೊತ್ತಿರುವ ಅಲ್ಯೂಮಿನಿಯಂ ತಗಡುಗಳನ್ನು ಕಿರಣದ ದಾರಿಯಲ್ಲಿ ಒಂದೊಂದಾಗಿ ಇಡುತ್ತೇವೆ. ಪ್ರತಿ ಸಲ ಎಷ್ಟು ಪಾಲು ದಾಟಿ ಬಂತು ಅಂತ ಅಳೆಯುತ್ತೇವೆ. ಕಡಿಮೆ ಶಕ್ತಿಯ ಫೋಟಾನ್ ಬೇಗ ಸಾಯುತ್ತವೆ, ಹೆಚ್ಚು ಶಕ್ತಿಯವು ದಾಟುತ್ತವೆ. ಈ ಇಳಿಕೆಯ ಗೆರೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ಟ್ಯೂಬಿನಿಂದ ಯಾವ ಶಕ್ತಿಯ ಫೋಟಾನ್ ಎಷ್ಟು ಹೊರಟಿದ್ದವು ಅಂತ ಅಂದಾಜು ಮಾಡುತ್ತೇವೆ.

## ಹಂತ 1: ಯಾವ ಸ್ಪೆಕ್ಟ್ರಮ್ ಬೇಕು ಅಂತ ಮೊದಲು ಬರೆದಿಡಿ

ಸ್ಪೆಕ್ಟ್ರಮ್ ಅಂದರೆ ಎಲ್ಲರಿಗೂ ಒಂದೇ ಅರ್ಥ ಅಲ್ಲ. ಪ್ರತಿ ಕೆಇವಿಗೆ ಎಷ್ಟು ಫೋಟಾನ್ ಇವೆ ಅನ್ನುವುದು ಒಂದು. ಆ ಫೋಟಾನ್‌ಗಳು ಹೊತ್ತ ಶಕ್ತಿ ಎಷ್ಟು ಅನ್ನುವುದು ಇನ್ನೊಂದು. ಡಿಟೆಕ್ಟರ್‌ಗೆ ಅವು ಹೇಗೆ ಕಾಣುತ್ತವೆ ಅನ್ನುವುದು ಮೂರನೆಯದು. ಮೂರೂ ಗ್ರಾಫ್ ಬೇರೆ ಬೇರೆ ಆಕಾರದಲ್ಲಿರುತ್ತವೆ. ಒಬ್ಬರು ಮೊದಲನೆಯದನ್ನು ತೆಗೆದು ಇನ್ನೊಬ್ಬರ ಮೂರನೆಯದರ ಜೊತೆ ಹೋಲಿಸಿದರೆ ಎಂದೂ ತಾಳೆ ಆಗುವುದಿಲ್ಲ.

ಇಲ್ಲಿ ನಾವು ಮೊದಲನೆಯದನ್ನು ಹುಡುಕುತ್ತೇವೆ. ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆಯಿರಿ: 1 ಕೆಇವಿ ಅಗಲದ ಪ್ರತಿ ಖಾನೆಯಲ್ಲಿ ಎಷ್ಟು ಫೋಟಾನ್, ಎಲ್ಲ ಕೂಡಿದರೆ ಮೊತ್ತ 1.

## ಹಂತ 2: ಅನುಮತಿ ಮತ್ತು ಸುರಕ್ಷತೆ

ಕೆಲಸ ಆಸ್ಪತ್ರೆಯ ಮಷಿನ್‌ನಲ್ಲಿ ಆಗಬೇಕು. ಹಾಗಾಗಿ ರೇಡಿಯಾಲಜಿ ವಿಭಾಗದ ಮುಖ್ಯಸ್ಥರು ಮತ್ತು ರೇಡಿಯೇಷನ್ ಸೇಫ್ಟಿ ಆಫೀಸರ್, ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಬೇಕು. ಒಪಿಡಿ ಮುಗಿದ ಮೇಲಿನ ಹೊತ್ತು ಕೇಳಿ. ಕೋಣೆಯಲ್ಲಿ ರೋಗಿ ಇರಬಾರದು, ಬಾಗಿಲು ಹಾಕಿರಬೇಕು, ಹೊರಗೆ ಕೆಂಪು ದೀಪ ಉರಿಯುತ್ತಿರಬೇಕು.

ಎಕ್ಸ್‌ಪೋಷರ್ ಕೊಡುವುದು ಟೆಕ್ನಿಶಿಯನ್ ಮಾತ್ರ. ಆ ಹೊತ್ತಿನಲ್ಲಿ ಎಲ್ಲರೂ ತಡೆಗೋಡೆಯ ಹಿಂದೆ ನಿಲ್ಲಬೇಕು. ಇನ್ನೊಬ್ಬರ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯುವ ಬಿಲ್ಲೆ) ಹಾಕಿಕೊಳ್ಳಬೇಡಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ ವಿಕಿರಣದ ಕೆಲಸದವರಿಗೆ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ಸಾಮಾನ್ಯ ಜನರಿಗೆ ವರ್ಷಕ್ಕೆ 1. ನೀವು ನೋಂದಾಯಿತ ಕೆಲಸದವರಲ್ಲದಿದ್ದರೆ ನಿಮಗೆ ಅನ್ವಯಿಸುವುದು ಈ 1. ತಗಡು ಬದಲಿಸಲು ಒಳಗೆ ಹೋಗುವವರು ಒಬ್ಬರೇ ಇರಲಿ. ಅವರು ಹೊರಗೆ ಬಂದು "ಆಯ್ತು" ಅನ್ನುವವರೆಗೆ ಯಾರೂ ಬಟನ್ ಮುಟ್ಟಬಾರದು.

ಮಷಿನ್‌ನ ಇತ್ತೀಚಿನ ಕ್ಯೂಎ (ಗುಣಮಟ್ಟ ಪರೀಕ್ಷೆ) ವರದಿಯ ಪ್ರತಿಯನ್ನೂ ಇದೇ ದಿನ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಕೆವಿ ಎಷ್ಟು ಸರಿ ಇದೆ, ಒಟ್ಟು ಫಿಲ್ಟ್ರೇಷನ್ (ಕಿರಣದ ದಾರಿಯಲ್ಲಿ ಮಷಿನ್‌ನಲ್ಲೇ ಇರುವ ಫಿಲ್ಟರ್‌ನ ದಪ್ಪ) ಎಷ್ಟು ಅನ್ನುವುದು ಇರುತ್ತದೆ. ಮುಂದೆ ಎರಡೂ ಬೇಕಾಗುತ್ತವೆ.

## ಹಂತ 3: ಆಸ್ಪತ್ರೆಗೆ ಹೋಗುವ ಮೊದಲು ಸುಳ್ಳು ರೀಡಿಂಗ್ ಮೇಲೆ ಅಭ್ಯಾಸ

ಈ ಹಂತವನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಲಾಭದ ಹಂತ ಇದೇ.

ಸ್ಪೆಕ್‌ಪೈ ಅನ್ನುವ ಉಚಿತ ಪೈಥಾನ್ ತಂತ್ರಾಂಶ ಇದೆ. ಕೆವಿ, ಆನೋಡ್ ಕೋನ (ಟ್ಯೂಬಿನೊಳಗೆ ಎಲೆಕ್ಟ್ರಾನ್ ಬಡಿಯುವ ಲೋಹದ ಮುಖದ ಓರೆ), ಫಿಲ್ಟರ್ ದಪ್ಪ ಕೊಟ್ಟರೆ ಟಂಗ್‌ಸ್ಟನ್ ಟ್ಯೂಬಿನ ಸ್ಪೆಕ್ಟ್ರಮ್ ಕೊಡುತ್ತದೆ. 80 ಕೆವಿ, 12 ಡಿಗ್ರಿ, 2.5 ಮಿಲಿಮೀಟರ್ ಅಲ್ಯೂಮಿನಿಯಂ ಕೊಟ್ಟು ಒಂದು ಸ್ಪೆಕ್ಟ್ರಮ್ ತೆಗೆಯಿರಿ. ಇದನ್ನೇ ನಿಜ ಅಂದುಕೊಳ್ಳಿ. ಬೇರೆ ಬೇರೆ ದಪ್ಪದ ತಗಡು ಇಟ್ಟರೆ ರೀಡಿಂಗ್ ಎಷ್ಟು ಬರಬೇಕು ಅಂತ ಲೆಕ್ಕ ಹಾಕಿ. ಪ್ರತಿ ರೀಡಿಂಗ್‌ಗೆ ಶೇಕಡಾ 1ರಷ್ಟು ಯಾದೃಚ್ಛಿಕ ದೋಷ ಸೇರಿಸಿ. ಈಗ ಈ ರೀಡಿಂಗ್‌ಗಳನ್ನು ಮಾತ್ರ ನಿಮ್ಮ ಕೋಡ್‌ಗೆ ಕೊಡಿ. ಮೂಲ ಸ್ಪೆಕ್ಟ್ರಮ್ ವಾಪಸ್ ಬರುತ್ತದೆಯೇ ನೋಡಿ.

ನೇರವಾಗಿ ಮ್ಯಾಟ್ರಿಕ್ಸ್‌ನ ವಿಲೋಮ (ಇನ್ವರ್ಸ್) ತೆಗೆದವರಿಗೆ ಗರಗಸದ ಗ್ರಾಫ್ ಇಲ್ಲೇ ಸಿಗುತ್ತದೆ. ಕಾರಣ ಸಂಖ್ಯೆಗಳಲ್ಲೇ ಇದೆ. 10 ಮಿಲಿಮೀಟರ್ ಅಲ್ಯೂಮಿನಿಯಂ ದಾಟಿ 30 ಕೆಇವಿ ಫೋಟಾನ್‌ಗಳಲ್ಲಿ ಶೇಕಡಾ 5ರಷ್ಟು ಮಾತ್ರ ಬರುತ್ತವೆ. 40ರಲ್ಲಿ 22, 50ರಲ್ಲಿ 37, 60ರಲ್ಲಿ 47, 80ರಲ್ಲಿ 58. ಕೆಳಗಿನ ಶಕ್ತಿಗಳಲ್ಲಿ ಅಂತರ ದೊಡ್ಡದು, ಮೇಲೆ ಹೋದ ಹಾಗೆ ಅಂತರ ಕಿರಿದು. ಹಾಗಾಗಿ 62 ಕೆಇವಿ ಫೋಟಾನ್ ಸ್ವಲ್ಪ ತೆಗೆದು ಅಕ್ಕಪಕ್ಕದ ಖಾನೆಗೆ ಹಂಚಿದರೂ ರೀಡಿಂಗ್ ಬದಲಾಗುವುದೇ ಇಲ್ಲ. ಒಂದೇ ರೀಡಿಂಗ್‌ಗೆ ಸಾವಿರ ಸ್ಪೆಕ್ಟ್ರಮ್ ಹೊಂದುತ್ತವೆ. ಅವುಗಳಲ್ಲಿ ನಿಜವಾಗಿ ಇರಬಹುದಾದದ್ದನ್ನು ಆರಿಸಲು ಹೊರಗಿನಿಂದ ಮಾಹಿತಿ ಬೇಕೇ ಬೇಕು. ಆ ಮಾಹಿತಿ ಟ್ಯೂಬಿನ ಭೌತಶಾಸ್ತ್ರ.

ಸುಳ್ಳು ರೀಡಿಂಗ್ ಮೇಲೆ ಕೆಲಸ ಮಾಡದ ಕೋಡ್ ನಿಜವಾದ ರೀಡಿಂಗ್ ಮೇಲೆ ಖಂಡಿತ ಮಾಡುವುದಿಲ್ಲ. ಇಲ್ಲಿ ಪಾಸಾಗುವವರೆಗೆ ಆಸ್ಪತ್ರೆಯವರ ಸಮಯ ಕೇಳಬೇಡಿ.

## ಹಂತ 4: ಸಾಮಾನು ಜೋಡಿಸುವುದು

ಬೇಕಾದವು ಇವು: ಅಯಾನ್ ಚೇಂಬರ್ (ಒಳಗಿನ ಗಾಳಿಯ ಮೂಲಕ ಕಿರಣ ಅಳೆಯುವ ಡಿಟೆಕ್ಟರ್) ಮತ್ತು ಅದರ ಎಲೆಕ್ಟ್ರೋಮೀಟರ್, ಕೆವಿ ಮೀಟರ್, ಅಲ್ಯೂಮಿನಿಯಂ ತಗಡು, ತೆಳು ತಾಮ್ರದ ತಗಡು, ನಡುವೆ ತೂತಿರುವ ಸೀಸದ ಹಾಳೆ, ಸ್ಟ್ಯಾಂಡ್, ಅಳತೆ ಟೇಪ್, ಥರ್ಮಾಮೀಟರ್, ಬ್ಯಾರೋಮೀಟರ್.

ತಗಡು. ಪಾತ್ರೆ ಅಂಗಡಿಯ, ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಬೇಡ. ಅದು ಮಿಶ್ರಲೋಹ. ಅದರಲ್ಲಿ ಸ್ವಲ್ಪವೇ ಕಬ್ಬಿಣ, ತಾಮ್ರ ಇದ್ದರೂ ಕಡಿಮೆ ಶಕ್ತಿಯ ಫೋಟಾನ್‌ಗಳನ್ನು ಅದು ಜಾಸ್ತಿ ತಿನ್ನುತ್ತದೆ. ನೀವು ಶುದ್ಧ ಅಲ್ಯೂಮಿನಿಯಂ ಅಂತ ಲೆಕ್ಕ ಹಾಕುತ್ತೀರಿ, ಎಚ್‌ವಿಎಲ್ (ರೀಡಿಂಗ್ ಅರ್ಧಕ್ಕೆ ಇಳಿಸುವ ತಗಡಿನ ದಪ್ಪ) ಕೆಲವು ಶೇಕಡಾ ಕಡಿಮೆ ಬರುತ್ತದೆ, ಇಡೀ ಸ್ಪೆಕ್ಟ್ರಮ್ ಎಡಕ್ಕೆ ಜರುಗುತ್ತದೆ. ಶೇಕಡಾ 99.9 ಶುದ್ಧತೆಯ ತಗಡನ್ನು ಟೆಸ್ಟ್ ಸರ್ಟಿಫಿಕೇಟ್ ಸಮೇತ ತರಿಸಿ. 10 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಲು ಬೆಳಗಾವಿಯ ಉದ್ಯಮಬಾಗದಂಥ ಕಡೆ ವರ್ಕ್‌ಶಾಪ್‌ಗಳಿಗೆ ಕೊರತೆ ಇಲ್ಲ. ಅಂಚು ಬಾಗದ ಹಾಗೆ ಕತ್ತರಿಸಲು ಹೇಳಿ.

ದಪ್ಪವನ್ನು ಸ್ಕ್ರೂ ಗೇಜ್‌ನಿಂದ ಐದಾರು ಕಡೆ ಅಳೆಯಿರಿ. ಆಮೇಲೆ ತೂಕ ಮಾಡಿ. ಅಲ್ಯೂಮಿನಿಯಂ ಸಾಂದ್ರತೆ ಪ್ರತಿ ಘನ ಸೆಂಟಿಮೀಟರ್‌ಗೆ 2.699 ಗ್ರಾಂ. ಅಂದರೆ 10 ಸೆಂಟಿಮೀಟರ್ ಚೌಕದ, 1 ಮಿಲಿಮೀಟರ್ ದಪ್ಪದ ತಗಡು 27 ಗ್ರಾಂ ತೂಗಬೇಕು. ಅಷ್ಟೇ ಅಗಲದ 0.1 ಮಿಲಿಮೀಟರ್ ತಾಮ್ರ ಸುಮಾರು 9 ಗ್ರಾಂ. ಕಾಲೇಜಿನಲ್ಲಿ ಒಳ್ಳೆ ತಕ್ಕಡಿ ಇಲ್ಲದಿದ್ದರೆ ಬಂಗಾರದ ಅಂಗಡಿಯವರ ಎಲೆಕ್ಟ್ರಾನಿಕ್ ತಕ್ಕಡಿ ಧಾರಾಳ ಸಾಕು. ತೆಳು ತಾಮ್ರಕ್ಕೆ ಸ್ಕ್ರೂ ಗೇಜ್‌ಗಿಂತ ತೂಕವನ್ನೇ ನಂಬಿ.

ಡಿಟೆಕ್ಟರ್. ಅಯಾನ್ ಚೇಂಬರ್ ಸಿಕ್ಕರೆ ಅದೇ ಒಳ್ಳೆಯದು. ಫೋಟಾನ್ ಯಾವ ಶಕ್ತಿಯದಾದರೂ, ಗಾಳಿಯಲ್ಲಿ ಬಿಟ್ಟ ಶಕ್ತಿಯನ್ನು ಅದು ಹೆಚ್ಚುಕಮ್ಮಿ ಒಂದೇ ಸಮ ತೋರಿಸುತ್ತದೆ. ಅರೆವಾಹಕದ ಎಕ್ಸ್‌ರೇ ಮಲ್ಟಿಮೀಟರ್‌ಗಳು ಒಂದೇ ಶಾಟ್‌ನಲ್ಲಿ ಕೆವಿ, ಎಚ್‌ವಿಎಲ್, ಫಿಲ್ಟ್ರೇಷನ್ ಎಲ್ಲ ತೋರಿಸುತ್ತವೆ, ಕೆವಿ ನೋಡಲು ಅವು ಬಹಳ ಅನುಕೂಲ. ಆದರೆ ಅವು ತೋರಿಸುವ ಎಚ್‌ವಿಎಲ್ ಒಳಗಿನ ಲೆಕ್ಕದಿಂದ ಬಂದದ್ದು. ಮುಂದೆ ದಪ್ಪ ತಗಡು ಇಟ್ಟಾಗ ಆ ಒಳಲೆಕ್ಕ ದಾರಿ ತಪ್ಪಬಹುದು. ಆ ಸಂಖ್ಯೆಯನ್ನು ಸ್ವತಂತ್ರ ಸಾಕ್ಷಿ ಅಂತ ಬರೆಯಬೇಡಿ.

ಎಕ್ಸ್‌ರೇ ಪ್ಲೇಟ್ ಅಥವಾ ಫ್ಲಾಟ್ ಪ್ಯಾನೆಲ್ ಚಿತ್ರದಿಂದ ರೀಡಿಂಗ್ ತೆಗೆಯುವವರೂ ಇದ್ದಾರೆ. ಪರದೆಯ ಮೇಲೆ ಕಾಣುವ ಚಿತ್ರ ಸಂಸ್ಕರಿಸಿದ್ದು, ಅದರ ಬಿಳುಪು ಕಪ್ಪಿಗೂ ಬಿದ್ದ ಕಿರಣಕ್ಕೂ ನೇರ ಸಂಬಂಧ ಇರುವುದಿಲ್ಲ. ಕಚ್ಚಾ ಡೇಟಾ ಸಿಗದಿದ್ದರೆ ಆ ದಾರಿ ಬಿಡಿ.

ಬ್ಯಾರೋಮೀಟರ್. ನಮ್ಮ ಕಡೆಯವರು ಪದೇ ಪದೇ ಬೀಳುವ ಗುಂಡಿ ಇದು. ಗಾಳಿಗೆ ತೆರೆದ ಅಯಾನ್ ಚೇಂಬರ್ ರೀಡಿಂಗ್‌ಗೆ ಉಷ್ಣತೆ ಮತ್ತು ಒತ್ತಡದ ತಿದ್ದುಪಡಿ ಬೇಕು. ಮೊಬೈಲ್‌ನ ಹವಾಮಾನ ಆ್ಯಪ್ ನೋಡಿ 1010 ಹೆಕ್ಟೋಪಾಸ್ಕಲ್ ಅಂತ ಬರೆಯುತ್ತಾರೆ. ಅದು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿನ ನಿಜವಾದ ಒತ್ತಡ 925ರ ಆಸುಪಾಸು. ವಿಜಯಪುರದಲ್ಲಿ 945, ಬಾಗಲಕೋಟೆಯಲ್ಲಿ 950ರ ಹತ್ತಿರ. ಆ್ಯಪ್ ನಂಬಿದರೆ ಬೆಳಗಾವಿಯಲ್ಲಿ ಡೋಸ್ ಲೆಕ್ಕ ಶೇಕಡಾ 9ರಷ್ಟು ತಪ್ಪುತ್ತದೆ. ಕೋಣೆಯಲ್ಲೇ ಬ್ಯಾರೋಮೀಟರ್ ಇಟ್ಟು ಓದಿ.

ಸಮಾಧಾನದ ವಿಷಯ ಒಂದಿದೆ. ಸ್ಪೆಕ್ಟ್ರಮ್‌ನ ಆಕಾರ ಮಾತ್ರ ಬೇಕಿದ್ದರೆ ನಮಗೆ ಬೇಕಾದದ್ದು ಅನುಪಾತ. ತಗಡು ಇಟ್ಟ ರೀಡಿಂಗ್ ಭಾಗಿಸು ತಗಡಿಲ್ಲದ ರೀಡಿಂಗ್. ಒತ್ತಡದ ತಪ್ಪು ಎರಡಕ್ಕೂ ಒಂದೇ, ಹಾಗಾಗಿ ವಜಾ ಆಗುತ್ತದೆ. ಆದರೆ ಉಷ್ಣತೆ ನಡುವೆ ಬದಲಾದರೆ ವಜಾ ಆಗುವುದಿಲ್ಲ. 1 ಡಿಗ್ರಿಗೆ ಶೇಕಡಾ 0.34 ವ್ಯತ್ಯಾಸ. ವಿಜಯಪುರದ ಏಪ್ರಿಲ್, ಮೇ ಬಿಸಿಲಲ್ಲಿ ಎಸಿ ಹಾಕಿ ತಕ್ಷಣ ಕೆಲಸ ಶುರು ಮಾಡಿದರೆ, ಮುಗಿಯುವಷ್ಟರಲ್ಲಿ ಕೋಣೆ 5 ಡಿಗ್ರಿ ಇಳಿದಿರಬಹುದು. ಆಗ ದೋಷ ಶೇಕಡಾ 1.7. ಒಂದು ತಾಸು ಮೊದಲೇ ಎಸಿ ಹಾಕಿ, ಚೇಂಬರನ್ನೂ ಆ ಕೋಣೆಯಲ್ಲೇ ಇಟ್ಟುಬಿಡಿ.

## ಹಂತ 5: ಜೋಡಣೆ, ಅಂದರೆ ಚದುರಿದ ಕಿರಣವನ್ನು ದೂರ ಇಡುವುದು

ತಗಡಿನಲ್ಲಿ ಬಡಿದ ಫೋಟಾನ್‌ಗಳಲ್ಲಿ ಕೆಲವು ಅಲ್ಲೇ ಸಾಯದೆ ದಿಕ್ಕು ಬದಲಿಸುತ್ತವೆ. ಅವು ಡಿಟೆಕ್ಟರ್‌ಗೆ ಬಿದ್ದರೆ ರೀಡಿಂಗ್ ಹೆಚ್ಚಾಗುತ್ತದೆ. ತಗಡು ದಪ್ಪ ಆದಷ್ಟೂ ಈ ಹೆಚ್ಚುವರಿ ಪಾಲು ದೊಡ್ಡದು. ಕಿರಣ ಇರುವುದಕ್ಕಿಂತ ಗಟ್ಟಿ, ಅಂದರೆ ಅದರಲ್ಲಿ ಹೆಚ್ಚು ಶಕ್ತಿಯ ಫೋಟಾನ್ ಜಾಸ್ತಿ, ಅಂತ ಕೋಡ್ ತಿಳಿಯುತ್ತದೆ (ಕಡಿಮೆ ಶಕ್ತಿಯವು ಜಾಸ್ತಿ ಇದ್ದರೆ ಮೆತ್ತಗಿನ ಕಿರಣ). 80 ಕೆವಿ ಗ್ರಾಫ್‌ನಲ್ಲಿ 95 ಕೆಇವಿ ಫೋಟಾನ್ ಹುಟ್ಟುವುದು ಹೀಗೆ.

ಟ್ಯೂಬಿನ ಫೋಕಸ್‌ನಿಂದ ಡಿಟೆಕ್ಟರ್‌ಗೆ 100 ಸೆಂಟಿಮೀಟರ್ ಇಡಿ. ತಗಡು ಸರಿಯಾಗಿ ನಡುವೆ, 50ರಲ್ಲಿ. ತಗಡನ್ನು ಡಿಟೆಕ್ಟರ್ ಮೇಲೆಯೇ ಇಡುವುದು ಅತಿ ಸಾಮಾನ್ಯ ತಪ್ಪು, ಅತಿ ದುಬಾರಿ ತಪ್ಪು ಕೂಡ. ಕಾಲಿಮೇಟರ್‌ನಿಂದ ಕಿರಣವನ್ನು ಡಿಟೆಕ್ಟರ್ ಮುಚ್ಚುವಷ್ಟಕ್ಕೆ ಕಿರಿದು ಮಾಡಿ. ತಗಡಿನ ಹತ್ತಿರ ತೂತಿರುವ ಸೀಸದ ಹಾಳೆ ಇಡಿ. ಡಿಟೆಕ್ಟರ್ ಹಿಂದೆ ಟೇಬಲ್, ಗೋಡೆ, ನೆಲ ಹತ್ತಿರ ಇರಬಾರದು. ಸ್ಟ್ಯಾಂಡ್‌ನಲ್ಲಿ ಎತ್ತಿ ಹಿಡಿದು ಹಿಂದೆ ಕನಿಷ್ಠ 30 ಸೆಂಟಿಮೀಟರ್ ಖಾಲಿ ಬಿಡಿ.

ಡಿಟೆಕ್ಟರ್ ಕಿರಣದ ನಡುಗೆರೆಯಲ್ಲೇ ಇರಲಿ. ಆನೋಡ್ ಬದಿಗೆ ಜರುಗಿದರೆ ಅಲ್ಲಿನ ಕಿರಣ ಆನೋಡ್‌ನ ಒಳಗೇ ಹೆಚ್ಚು ದೂರ ಸಾಗಿ ಬಂದಿರುತ್ತದೆ. ಅದು ಕಡಿಮೆ, ಆದರೆ ಗಟ್ಟಿ.

ಚದುರಿದ್ದು ಉಳಿದಿದೆಯೇ ಅಂತ ಪರೀಕ್ಷಿಸಲು ಸುಲಭ ದಾರಿ ಇದೆ. ಅತಿ ದಪ್ಪದ ತಗಡು ಇಟ್ಟು, ಸೀಸದ ಹಾಳೆಯ ತೂತನ್ನು ಕೆಲವು ಮಿಲಿಮೀಟರ್ ದಪ್ಪದ ಸೀಸದ ತುಂಡಿನಿಂದ ಮುಚ್ಚಿ ಒಂದು ಎಕ್ಸ್‌ಪೋಷರ್ ಕೊಡಿಸಿ. ಈಗ ಬರುವ ರೀಡಿಂಗ್ ಪೂರ್ತಿ ಸುತ್ತಮುತ್ತಲಿನಿಂದ ಬಂದದ್ದು. ತೂತು ತೆರೆದಾಗಿನ ರೀಡಿಂಗ್‌ನ ಶೇಕಡಾ 1ಕ್ಕಿಂತ ಜಾಸ್ತಿ ಇದ್ದರೆ ಮುಂದೆ ಹೋಗಬೇಡಿ, ಜೋಡಣೆ ಸರಿಪಡಿಸಿ. ಸೀಸ ಮುಟ್ಟಿದ ಕೈ ತೊಳೆದೇ ಚಹಾ ಕುಡಿಯಿರಿ.

## ಹಂತ 6: ಅಳತೆ

ತಣ್ಣಗಿರುವ ಟ್ಯೂಬಿನಿಂದ ನೇರ ಶುರು ಮಾಡಬೇಡಿ. ಟೆಕ್ನಿಶಿಯನ್ ಮಾತು ಕೇಳಿ. "ಸರ, ಮಷಿನ್ ಇನ್ನೂ ಥಂಡ ಐತ್ರಿ, ಮೊದಲ ಒಂದೆರಡ ಶಾಟ್ ಹೊಡದ ಆಮ್ಯಾಲೆ ಶುರು ಮಾಡೋಣ್ರಿ" ಅಂದರೆ ಅವರು ಹೇಳುವುದು ಸರಿ. ಆ ಮಷಿನ್‌ನ ಸ್ವಭಾವ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೆವಿಯನ್ನು ಮೀಟರ್‌ನಿಂದ ಅಳೆಯಿರಿ. ಫಲಕದಲ್ಲಿ 80 ಅಂತ ಇದ್ದರೆ ಒಳಗೆ 77 ಅಥವಾ 83 ಇರಬಹುದು, ಕ್ಯೂಎಯಲ್ಲಿ ಅದು ಪಾಸೂ ಆಗಿರಬಹುದು. ಲೆಕ್ಕಕ್ಕೆ ಬೇಕಾದದ್ದು ಅಳೆದ ಸಂಖ್ಯೆ.

ಕೆವಿ, ಎಂಎ (ಟ್ಯೂಬಿನ ಕರೆಂಟ್), ಸಮಯ ಮೂರನ್ನೂ ಒಮ್ಮೆ ಇಟ್ಟ ಮೇಲೆ ಮುಟ್ಟಬೇಡಿ. ದಪ್ಪ ತಗಡಿಗೆ ರೀಡಿಂಗ್ ಕಡಿಮೆ ಬರುತ್ತದೆ ಅಂತ ಎಂಎ ಏರಿಸಿದರೆ ಕೆವಿ ಕೂಡ ಸ್ವಲ್ಪ ಜರುಗಬಹುದು. ದಪ್ಪ ತಗಡಿಗೂ ಸಾಕಾಗುವಷ್ಟು ಎಂಎಎಸ್ (ಎಂಎ ಗುಣಿಸು ಸೆಕೆಂಡ್) ಅನ್ನು ಮೊದಲೇ ಆರಿಸಿ. ಸಮಯ 100 ಮಿಲಿಸೆಕೆಂಡ್‌ಗಿಂತ ಕಡಿಮೆ ಇಡಬೇಡಿ. ಅತಿ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ಕೆವಿ ಏರುವ, ಇಳಿಯುವ ಹೊತ್ತಿನ ಪಾಲು ದೊಡ್ಡದಾಗಿ ಕಿರಣ ಮೆತ್ತಗೆ ಕಾಣುತ್ತದೆ. ಶಾಟ್‌ಗಳ ನಡುವೆ ಆನೋಡ್ ಆರಲು ಬಿಡಿ.

ಅಲ್ಯೂಮಿನಿಯಂಗೆ ಈ ದಪ್ಪಗಳು ಚೆನ್ನಾಗಿ ಕೆಲಸ ಮಾಡುತ್ತವೆ: 0, 0.5, 1, 1.5, 2, 3, 4, 6, 8, 12, 16, 20 ಮಿಲಿಮೀಟರ್. ಆರಂಭದಲ್ಲಿ ಒತ್ತಾಗಿ, ಆಮೇಲೆ ವಿರಳವಾಗಿ. ಮೆತ್ತನೆ ಫೋಟಾನ್‌ಗಳ ಸುದ್ದಿ ಮೊದಲ 2 ಮಿಲಿಮೀಟರ್‌ನಲ್ಲೇ ಇರುತ್ತದೆ. ಸಮ ಅಂತರದಲ್ಲಿ 0, 5, 10, 15 ಅಂತ ತೆಗೆದವರು ಆ ಸುದ್ದಿಯನ್ನೇ ಕಳೆದುಕೊಳ್ಳುತ್ತಾರೆ.

ಇದಾದ ಮೇಲೆ ತಾಮ್ರ: 0.1, 0.2, 0.5, 1 ಮಿಲಿಮೀಟರ್. ತಾಮ್ರ ಏಕೆ? 1 ಮಿಲಿಮೀಟರ್ ತಾಮ್ರ ದಾಟಿ 60 ಕೆಇವಿಯಲ್ಲಿ ಶೇಕಡಾ 24, 80ರಲ್ಲಿ ಶೇಕಡಾ 50 ಬರುತ್ತದೆ. ಎರಡು ಪಟ್ಟು ಅಂತರ. 60 ಕೆಇವಿಯನ್ನು ಅದೇ 24ಕ್ಕೆ ಇಳಿಸುವ ಅಲ್ಯೂಮಿನಿಯಂ, ಅಂದರೆ 19 ಮಿಲಿಮೀಟರ್, ಇಟ್ಟರೆ 80ರಲ್ಲಿ 36 ಮಾತ್ರ. ಸ್ಪೆಕ್ಟ್ರಮ್‌ನ ಬಲಭಾಗವನ್ನು ಬಿಡಿಸಿ ನೋಡಲು ತಾಮ್ರವೇ ಬೇಕು.

ಪ್ರತಿ ದಪ್ಪಕ್ಕೂ ಮೂರು ರೀಡಿಂಗ್ ತೆಗೆಯಿರಿ. ತಗಡಿಲ್ಲದ ರೀಡಿಂಗನ್ನು ಆರಂಭದಲ್ಲಿ, ನಡುನಡುವೆ, ಕೊನೆಯಲ್ಲಿ ತೆಗೆಯಿರಿ. ಇವು ಶೇಕಡಾ 1ಕ್ಕಿಂತ ಹೆಚ್ಚು ಜರುಗಿದ್ದರೆ ಮಷಿನ್ ಅಥವಾ ಲೈನ್ ವೋಲ್ಟೇಜ್ ಸ್ಥಿರವಾಗಿಲ್ಲ ಅಂತ ಅರ್ಥ. ಬೇರೆ ಹೊತ್ತಿನಲ್ಲಿ ಮತ್ತೆ ಮಾಡಿ. ಸಿಂಗಲ್ ಫೇಸ್‌ನ ಹಳೆ ಪೋರ್ಟಬಲ್ ಮಷಿನ್ ಆಗಿದ್ದರೆ ಇನ್ನೂ ಒಂದು ತೊಡಕು. ಅದರ ಕೆವಿ ಪ್ರತಿ ಸೆಕೆಂಡಿಗೆ ಎಷ್ಟೋ ಸಲ ಸೊನ್ನೆಗೂ ಗರಿಷ್ಠಕ್ಕೂ ಓಡಾಡುತ್ತದೆ. ಸ್ಥಿರ ಕೆವಿಯ ಮಾದರಿ ಅದಕ್ಕೆ ಹೊಂದುವುದಿಲ್ಲ. ಮೊದಲ ಪ್ರಯತ್ನಕ್ಕೆ ಕೆವಿಯನ್ನು ಹೆಚ್ಚುಕಮ್ಮಿ ಸ್ಥಿರವಾಗಿಡುವ ಹೈ ಫ್ರೀಕ್ವೆನ್ಸಿ ಜನರೇಟರ್ ಇರುವ ಮಷಿನ್ ಹಿಡಿಯಿರಿ.

ಕೋಣೆ ಬಿಡುವ ಮೊದಲು ಎಚ್‌ವಿಎಲ್ ಲೆಕ್ಕ ಹಾಕಿ, ಅಂದರೆ ರೀಡಿಂಗ್ ಅರ್ಧಕ್ಕೆ ಇಳಿಸುವ ದಪ್ಪ. 80 ಕೆವಿ, ಸಾಮಾನ್ಯ ಫಿಲ್ಟರ್ ಇದ್ದರೆ ಅದು 3 ಮಿಲಿಮೀಟರ್ ಆಸುಪಾಸಿನಲ್ಲಿ ಇರಬೇಕು. 2 ಬಂದರೆ ಫಿಲ್ಟರ್ ಕಡಿಮೆ, ಇಲ್ಲವೇ ತಗಡು ಅಶುದ್ಧ. 4 ದಾಟಿದರೆ ಚದುರಿದ ಕಿರಣ, ಇಲ್ಲವೇ ಕಾಲಿಮೇಟರ್‌ನಲ್ಲಿ ಯಾರೋ ಹಾಕಿಟ್ಟ ಹೆಚ್ಚುವರಿ ಫಿಲ್ಟರ್. ಸಾಮಾನು ಬಿಚ್ಚಿದ ಮೇಲೆ ಇದು ಗೊತ್ತಾದರೆ ಏನು ಪ್ರಯೋಜನ ಹೇಳಿ.

## ಹಂತ 7: ಮಾದರಿ ಸ್ಪೆಕ್ಟ್ರಮ್‌ನಿಂದ ಶುರು ಮಾಡಿ

ಖಾಲಿ ಹಾಳೆಯಿಂದ ಶುರು ಮಾಡಬೇಡಿ. ಅಳೆದ ಕೆವಿ, ಟ್ಯೂಬಿನ ಕಾಗದದಲ್ಲಿರುವ ಆನೋಡ್ ಕೋನ, ಕ್ಯೂಎ ವರದಿಯ ಫಿಲ್ಟ್ರೇಷನ್ ಕೊಟ್ಟು ಸ್ಪೆಕ್‌ಪೈಯಿಂದ ಸ್ಪೆಕ್ಟ್ರಮ್ ತೆಗೆಯಿರಿ.

ಟಂಗ್‌ಸ್ಟನ್‌ನ ಗೆರೆಗಳು, ಅಂದರೆ ಆ ಲೋಹಕ್ಕೇ ವಿಶಿಷ್ಟವಾದ ಚೂಪು ಶಿಖರಗಳು, 58.0, 59.3 ಮತ್ತು 67.2 ಕೆಇವಿಯಲ್ಲಿ ಬರುತ್ತವೆ. ತಗಡಿನ ರೀಡಿಂಗ್‌ನಿಂದ ಇವನ್ನು ಹೊರತೆಗೆಯಲು ಸಾಧ್ಯವೇ ಇಲ್ಲ, ಅವು ಅಷ್ಟು ಕಿರಿದು. ಮಾದರಿಯಿಂದಲೇ ಬರಬೇಕು. ಇನ್ನೊಂದು ಮಾತು ನೆನಪಿರಲಿ. ಟ್ಯೂಬಿನ ಕೆವಿ 69.5 ದಾಟದೆ ಈ ಗೆರೆಗಳು ಹುಟ್ಟುವುದಿಲ್ಲ. 60 ಕೆವಿ ಗ್ರಾಫ್‌ನಲ್ಲಿ 59ರ ಹತ್ತಿರ ಚೂಪು ಶಿಖರ ಕಂಡರೆ ಅದು ನಿಮ್ಮ ಕೋಡ್ ಹುಟ್ಟಿಸಿದ್ದು.

ಡಿಟೆಕ್ಟರ್ ತೂಕವನ್ನು ಸೇರಿಸುವುದು ಇಲ್ಲೇ. ಅಯಾನ್ ಚೇಂಬರ್ ಫೋಟಾನ್ ಎಣಿಸುವುದಿಲ್ಲ, ಗಾಳಿಯಲ್ಲಿ ಬಿಟ್ಟ ಶಕ್ತಿಯನ್ನು ಅಳೆಯುತ್ತದೆ. ಪ್ರತಿ ಖಾನೆಯ ಫೋಟಾನ್ ಸಂಖ್ಯೆಯನ್ನು ಅದರ ಶಕ್ತಿಯಿಂದ, ಆಮೇಲೆ ಆ ಶಕ್ತಿಯಲ್ಲಿ ಗಾಳಿಯ ಶಕ್ತಿ ಹೀರುವ ಗುಣಾಂಕದಿಂದ ಗುಣಿಸಿ. ಈ ಗುಣಾಂಕ 30 ಕೆಇವಿಯಲ್ಲಿ 0.154, 60ರಲ್ಲಿ 0.030, ಪ್ರತಿ ಗ್ರಾಂಗೆ ಚದರ ಸೆಂಟಿಮೀಟರ್. ಐದು ಪಟ್ಟು ವ್ಯತ್ಯಾಸ. ಈ ತೂಕ ಮರೆತರೆ ಉತ್ತರ ಪೂರ್ತಿ ಬೇರೆ ಬರುತ್ತದೆ, ಆದರೂ ಗ್ರಾಫ್ ನೋಡಲು ಚೆನ್ನಾಗೇ ಇರುತ್ತದೆ. ಹಾಗಾಗಿ ಈ ತಪ್ಪು ಹಿಡಿಯುವುದು ಬಹಳ ಕಷ್ಟ. ಕ್ಷೀಣತೆಯ ಗುಣಾಂಕಗಳನ್ನು (ಯಾವ ಶಕ್ತಿಯ ಕಿರಣವನ್ನು ಯಾವ ಲೋಹ ಎಷ್ಟು ತಡೆಯುತ್ತದೆ ಅನ್ನುವ ಸಂಖ್ಯೆ) ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಕೋಷ್ಟಕದಿಂದ ತೆಗೆದುಕೊಳ್ಳಿ. ನಡುವಿನ ಶಕ್ತಿಗಳಿಗೆ ಎರಡೂ ಅಕ್ಷ ಲಾಗ್ ಮಾಡಿ ಲೆಕ್ಕ ಹಾಕಿ.

## ಹಂತ 8: ಒಂದೇ ಒಂದು ತಿರುಪು ತಿರುಗಿಸಿ

ಈಗ ಮಾದರಿಯ ಅಲ್ಯೂಮಿನಿಯಂ ಫಿಲ್ಟರ್ ದಪ್ಪವನ್ನು ಮಾತ್ರ ಬದಲಿಸುತ್ತಾ ಹೋಗಿ. ಲೆಕ್ಕದ ಅನುಪಾತ ಮತ್ತು ಅಳೆದ ಅನುಪಾತ ಅತಿ ಹತ್ತಿರ ಬರುವ ದಪ್ಪ ಹುಡುಕಿ. ಒಂದೇ ಅಜ್ಞಾತ, ಹನ್ನೆರಡು ರೀಡಿಂಗ್. ಉತ್ತರ ಗಟ್ಟಿಯಾಗಿ ನಿಲ್ಲುತ್ತದೆ.

ಕೆವಿಯನ್ನೂ ಜೊತೆಗೆ ಬಿಟ್ಟುಬಿಡೋಣ ಅನ್ನಿಸುತ್ತದೆ. ಬೇಡ. ಕೆವಿ ಏರಿದರೂ ಕಿರಣ ಗಟ್ಟಿಯಾಗುತ್ತದೆ, ಫಿಲ್ಟರ್ ಏರಿದರೂ ಗಟ್ಟಿಯಾಗುತ್ತದೆ. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ ಅದೇ ರೀಡಿಂಗ್ ತರಬಹುದು. ಕೆವಿ ಮೀಟರ್ ತಂದದ್ದು ಇದಕ್ಕೇ.

ವ್ಯತ್ಯಾಸಗಳನ್ನು ದಪ್ಪದ ಎದುರು ಗ್ರಾಫ್ ಮಾಡಿ. ಸೊನ್ನೆಯ ಸುತ್ತ ಅಲ್ಲಲ್ಲಿ ಚೆಲ್ಲಿದ್ದರೆ, ಶೇಕಡಾ 1ರ ಒಳಗಿದ್ದರೆ, ಕೆಲಸ ಮುಗಿಯಿತು. ನಿಜವಾಗಿ ಮುಗಿಯಿತು, ಹಂತ 9 ಬೇಕಿಲ್ಲ. ವ್ಯತ್ಯಾಸ ದಪ್ಪದ ಜೊತೆ ಏರುತ್ತಲೇ ಹೋದರೆ ಚದುರಿದ ಕಿರಣ ಉಳಿದಿದೆ, ಹಂತ 5ಕ್ಕೆ ಹೋಗಿ. ಮೊದಲ 2 ಮಿಲಿಮೀಟರ್‌ನಲ್ಲಿ ಮಾತ್ರ ವ್ಯತ್ಯಾಸ ಇದ್ದರೆ ತಗಡಿನ ಶುದ್ಧತೆ ಅಥವಾ ದಪ್ಪ ನೋಡಿ.

## ಹಂತ 9: ಬೇಕಿದ್ದರೆ ಮಾತ್ರ ಇಎಂ ವಿಧಾನ

ಹಳೆಯ ಟ್ಯೂಬ್, ಸವೆದ ಆನೋಡ್, ಗೊತ್ತಿಲ್ಲದ ಫಿಲ್ಟರ್ ಇದ್ದಾಗ ಮಾದರಿ ಪೂರ್ತಿ ಹೊಂದದೇ ಇರಬಹುದು. ಆಗ ಹಂತ 8ರ ಉತ್ತರವನ್ನೇ ಆರಂಭವಾಗಿ ಇಟ್ಟುಕೊಂಡು ಇಎಂ (ಎಕ್ಸ್‌ಪೆಕ್ಟೇಷನ್ ಮ್ಯಾಕ್ಸಿಮೈಸೇಷನ್) ವಿಧಾನದಿಂದ ಸ್ವಲ್ಪ ಸ್ವಲ್ಪವೇ ತಿದ್ದಬಹುದು.

ಕೆಲಸ ಹೀಗೆ. ಈಗಿನ ಸ್ಪೆಕ್ಟ್ರಮ್‌ನಿಂದ ಪ್ರತಿ ತಗಡಿನ ರೀಡಿಂಗ್ ಎಷ್ಟು ಬರಬೇಕು ಅಂತ ಲೆಕ್ಕ ಹಾಕಿ. ಅಳೆದ ರೀಡಿಂಗನ್ನು ಅದರಿಂದ ಭಾಗಿಸಿ. ಪ್ರತಿ ತಗಡಿಗೂ ಒಂದು ಅನುಪಾತ ಸಿಗುತ್ತದೆ. ಒಂದು ಖಾನೆ ತೆಗೆದುಕೊಂಡು, ಆ ಶಕ್ತಿಯ ಫೋಟಾನ್ ಪ್ರತಿ ತಗಡನ್ನು ದಾಟುವ ಪಾಲನ್ನು ತೂಕವಾಗಿ ಇಟ್ಟು, ಈ ಅನುಪಾತಗಳ ಸರಾಸರಿ ತೆಗೆಯಿರಿ. ಖಾನೆಯ ಸಂಖ್ಯೆಯನ್ನು ಆ ಸರಾಸರಿಯಿಂದ ಗುಣಿಸಿ. ಎಲ್ಲ ಖಾನೆಗೂ ಮಾಡಿ, ಮತ್ತೆ ಮೊದಲಿನಿಂದ.

ಗುಣಿಸುವುದಷ್ಟೇ ಇರುವುದರಿಂದ ಸಂಖ್ಯೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಆರಂಭದಲ್ಲಿ ಸೊನ್ನೆ ಇದ್ದ ಖಾನೆ ಸೊನ್ನೆಯಾಗೇ ಉಳಿಯುತ್ತದೆ. ಅಂದರೆ ಕೆವಿ ಮೇಲಿನ ಫೋಟಾನ್ ಹುಟ್ಟುವ ಮಾತೇ ಇಲ್ಲ.

ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ. ವ್ಯತ್ಯಾಸ ಸೊನ್ನೆಗೆ ಬರಲಿ ಅಂತ ಸಾವಿರಾರು ಸಲ ಓಡಿಸುತ್ತಾರೆ. ನಿಮ್ಮ ಅಳತೆಯಲ್ಲೇ ಶೇಕಡಾ 1 ದೋಷ ಇದ್ದಾಗ ಲೆಕ್ಕ ಅದಕ್ಕಿಂತ ಹತ್ತಿರ ಹೋದರೆ, ಅದು ದೋಷಕ್ಕೇ ಸ್ಪೆಕ್ಟ್ರಮ್ ಹೊಲಿಯುತ್ತಿದೆ. ವ್ಯತ್ಯಾಸ ಅಳತೆಯ ದೋಷದ ಮಟ್ಟಕ್ಕೆ ಇಳಿದ ಕೂಡಲೇ ನಿಲ್ಲಿಸಿ. ಹಂತ 3ರ ಸುಳ್ಳು ರೀಡಿಂಗ್ ಮೇಲೆ ಓಡಿಸಿದರೆ ಎಷ್ಟು ಸುತ್ತು ಸಾಕು ಅಂತ ಮೊದಲೇ ಅಂದಾಜು ಸಿಗುತ್ತದೆ.

## ಹಂತ 10: ಬಚ್ಚಿಟ್ಟ ರೀಡಿಂಗ್‌ನಿಂದ ಪರೀಕ್ಷೆ

ತಾಮ್ರದ ರೀಡಿಂಗ್‌ಗಳಲ್ಲಿ ಒಂದನ್ನು, 0.5 ಮಿಲಿಮೀಟರ್‌ನದ್ದು ಅನ್ನಿ, ಲೆಕ್ಕಕ್ಕೆ ಕೊಡದೆ ಪಕ್ಕಕ್ಕಿಡಿ. ಈಗ ನಿಮ್ಮ ಸ್ಪೆಕ್ಟ್ರಮ್‌ನಿಂದ ಆ ರೀಡಿಂಗ್ ಎಷ್ಟಿರಬೇಕು ಅಂತ ಹೇಳಿ, ಆಮೇಲೆ ಅಳೆದದ್ದನ್ನು ತೆರೆದು ನೋಡಿ. ಶೇಕಡಾ 2ರ ಒಳಗೆ ಬಂದರೆ ನಾನು ಒಪ್ಪುತ್ತೇನೆ. ಬರೀ ಬಳಸಿದ ರೀಡಿಂಗ್‌ಗೇ ಹೊಂದುತ್ತದೆ ಅಂದರೆ ಒಪ್ಪುವುದಿಲ್ಲ.

ಜೊತೆಗೆ ಈ ಎಚ್ಚರಿಕೆಯ ಗುರುತುಗಳನ್ನು ನೋಡಿ. 2.5 ಮಿಲಿಮೀಟರ್ ಫಿಲ್ಟರ್ ಇದ್ದೂ 15 ಕೆಇವಿ ಕೆಳಗೆ ಎದ್ದು ಕಾಣುವಷ್ಟು ಫೋಟಾನ್ ಇದ್ದರೆ ತಪ್ಪು. ಆ ದಪ್ಪ 15 ಕೆಇವಿಯಲ್ಲಿ ಶೇಕಡಾ ಅರ್ಧವನ್ನಷ್ಟೇ ಬಿಡುತ್ತದೆ, 10 ಕೆಇವಿಯಲ್ಲಿ ಏನನ್ನೂ ಬಿಡುವುದಿಲ್ಲ ಅಂದರೂ ಸರಿ. ಸರಾಸರಿ ಶಕ್ತಿ 80 ಕೆವಿಗೆ 45 ಕೆಇವಿ ಆಸುಪಾಸಿನಲ್ಲಿರಬೇಕು, 60 ಬಂದರೆ ಅನುಮಾನಿಸಿ. ಎರಡನೇ ಎಚ್‌ವಿಎಲ್ (ರೀಡಿಂಗನ್ನು ಅರ್ಧದಿಂದ ಕಾಲಿಗೆ ಇಳಿಸುವ ದಪ್ಪ) ಯಾವಾಗಲೂ ಮೊದಲನೆಯದಕ್ಕಿಂತ ದೊಡ್ಡದಿರಬೇಕು. ಸಮ ಬಂದರೆ ನಿಮ್ಮ ಕೋಡ್ ಒಂದೇ ಶಕ್ತಿಯ ಕಿರಣ ಅಂದುಕೊಂಡಿದೆ.

## ಸಿಟಿ ಮಷಿನ್ ಆದರೆ

ಸಿಟಿಯಲ್ಲಿ ಟ್ಯೂಬ್ ಸುತ್ತುತ್ತದೆ. ಮುಂದೆ ಬೋಟೈ ಫಿಲ್ಟರ್ ಬೇರೆ ಇರುತ್ತದೆ, ಅದರ ದಪ್ಪ ನಡುವೆ ಕಡಿಮೆ, ಅಂಚಿನಲ್ಲಿ ಹೆಚ್ಚು. ಟ್ಯೂಬನ್ನು ಒಂದೇ ಕಡೆ ನಿಲ್ಲಿಸಲು ಸರ್ವಿಸ್ ಮೋಡ್ ಬೇಕು, ಅದಕ್ಕೆ ಸರ್ವಿಸ್ ಎಂಜಿನಿಯರ್ ಎದುರಿಗೇ ಇರಬೇಕು. ಸ್ಕೌಟ್ ಚಿತ್ರ (ಸ್ಕ್ಯಾನ್‌ಗೆ ಮೊದಲು ಜಾಗ ಗುರುತಿಸಲು ತೆಗೆಯುವ ಚಿತ್ರ) ತೆಗೆಯುವಾಗಲೂ ಟ್ಯೂಬ್ ನಿಂತಿರುತ್ತದೆ, ಆದರೆ ಟೇಬಲ್ ಓಡುತ್ತದೆ. ಹಾಗಾಗಿ ಡಿಟೆಕ್ಟರನ್ನು ಟೇಬಲ್ ಮೇಲಿಡದೆ ಬೇರೆ ಸ್ಟ್ಯಾಂಡ್‌ಗೆ ಕಟ್ಟಬೇಕು. ನಡುಗೆರೆಗೆ ಒಂದು ಸ್ಪೆಕ್ಟ್ರಮ್, ಅಂಚಿಗೆ ಇನ್ನೊಂದು. ಎರಡನ್ನೂ ಒಂದೇ ಅಂತ ಬಳಸಿದರೆ ದೇಹದ ಅಂಚಿನಲ್ಲಿ ಲೆಕ್ಕ ಕೆಡುತ್ತದೆ. ಸಾಮಾನ್ಯ ಎಕ್ಸ್‌ರೇ ಮಷಿನ್‌ನಲ್ಲಿ ಹಂತ 10 ದಾಟಿದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ.

## ದಾಖಲೆ

ಸ್ಪೆಕ್ಟ್ರಮ್ ಫೈಲ್ ಜೊತೆ ಇವನ್ನೂ ಇಡಿ: ಅಳೆದ ಕೆವಿ, ಎಂಎ, ಸಮಯ, ದೂರಗಳು, ತಗಡುಗಳ ತೂಕ ಮತ್ತು ಸರ್ಟಿಫಿಕೇಟ್, ಉಷ್ಣತೆ, ಒತ್ತಡ, ಡಿಟೆಕ್ಟರ್‌ನ ಕ್ಯಾಲಿಬ್ರೇಷನ್ ದಿನಾಂಕ, ತಿದ್ದದ ರೀಡಿಂಗ್‌ಗಳು, ಟ್ಯೂಬಿನ ಸೀರಿಯಲ್ ನಂಬರ್. ಇನ್ನೊಂದು ಕೆವಿಗೆ ಇದೇ ಸ್ಪೆಕ್ಟ್ರಮ್ ಎಳೆದು ಹಿಗ್ಗಿಸಿ ಬಳಸಬೇಡಿ. ಹಂತ 8ರಲ್ಲಿ ಸಿಕ್ಕ ಫಿಲ್ಟರ್ ದಪ್ಪವನ್ನು ಹಾಗೇ ಇಟ್ಟು, ಮಾದರಿಗೆ ಹೊಸ ಕೆವಿ ಕೊಡಿ, ಎರಡು ಮೂರು ತಗಡಿನಿಂದ ತಾಳೆ ನೋಡಿ. ಟ್ಯೂಬ್ ಬದಲಾದರೆ, ಕಾಲಿಮೇಟರ್ ಬಿಚ್ಚಿ ಹಾಕಿದರೆ, ಹಂತ 5ರಿಂದ ಮತ್ತೆ ಶುರು.